ಫಾದರ್ ಕೈಗೆ ನೀರು ಹಾಕಿದ್ದು ನಾನೇ

ನಮ್ಮ ಫಾದರ್ ಸುಳ್ಳು ಹೇಳಿದ್ದನ್ನು ನಾನು ಒಮ್ಮೆ ಮಾತ್ರ ಕೇಳಿದ್ದೇನೆ. ಬೈರಕೂರಿನ ಹಾಲಿನ ಡೈರಿಯ ಮುಂದೆ, ಸಂಜೆಯ ಹಾಲು ಹಾಕಿ ಮುಗಿದ ಹೊತ್ತಿನಲ್ಲಿ, ಊರಿನವರೆಲ್ಲ ನಿಂತಿದ್ದಾಗ. ಆ ಸುಳ್ಳಿನಿಂದ ನನ್ನ ತಮ್ಮನ ಕೈಯಲ್ಲಿದ್ದ ಮಚ್ಚು ಕೆಳಗಿಳಿಯಿತು. ಆ ಸುಳ್ಳನ್ನು ಹಾಗೆಯೇ ಬಿಟ್ಟಿದ್ದರೆ ಎಲ್ಲರಿಗೂ ನೆಮ್ಮದಿಯಾಗಿರುತ್ತಿತ್ತಲ್ಲ ಎಂದು ಈಗಲೂ ಒಮ್ಮೊಮ್ಮೆ ಅನಿಸುತ್ತದೆ. ಅವರು ಬಿಡಲಿಲ್ಲ. ಮತ್ತೆ ಅದೇ ಊರಿಗೆ ಹೋಗಿ ಆ ಮಾತನ್ನು ವಾಪಸ್ಸು ತೆಗೆದುಕೊಳ್ಳಬೇಕು ಎಂದು ಹಟ ಹಿಡಿದರು. ಅವರ ಜೊತೆ ಹೋದವಳು ನಾನು.

ಫಾದರ್ ನನಗೆ ಗೊತ್ತಾದದ್ದು ಕೋಲಾರದ ಕಾನ್ವೆಂಟಿನಲ್ಲಿ. ನಾನು ಬೈರಕೂರಿನಿಂದ ಬಂದ ಹಾಸ್ಟೆಲ್ ಹುಡುಗಿ. ವಾರಕ್ಕೊಂದು ಪಿರಿಯಡ್ ಕ್ರೈಸ್ತ ಹುಡುಗಿಯರು ಧರ್ಮೋಪದೇಶಕ್ಕೆ ಹೋಗುತ್ತಿದ್ದರು. ಉಳಿದ ನಮಗೆ ಮಾರಲ್ ಸೈನ್ಸ್. ಅದನ್ನು ಹೇಳಿಕೊಡಲು ಬರುತ್ತಿದ್ದವರು ಅವರು. ಆಗಿನ್ನೂ ತಲೆಗೂದಲು ಕಪ್ಪಗಿತ್ತು. ಬಿಳಿ ನಿಲುವಂಗಿಯ ಒಂದು ತುದಿಯಲ್ಲಿ ಕನ್ನಡಕ ಒರೆಸಿ ಒರೆಸಿ ಆ ಜಾಗದಲ್ಲಿ ಬಟ್ಟೆ ತೆಳ್ಳಗಾಗಿಹೋಗಿತ್ತು. ಪಾಠದ ಪುಸ್ತಕ ತೆರೆಯುತ್ತಿದ್ದದ್ದು ಕಡಿಮೆ. 'ಈ ವಾರ ಏನಾಯ್ತು ಹೇಳಿ' ಅನ್ನುತ್ತಿದ್ದರು.

ಒಂದು ವಾರ ಏನಾಗಿತ್ತೆಂದರೆ, ಮಾತೆಯ ಪ್ರತಿಮೆಯ ಮುಂದಿದ್ದ ಗಾಜಿನ ಹೂದಾನಿ ಒಡೆದಿತ್ತು. ಯಾರು ಒಡೆದದ್ದೆಂದು ಒಪ್ಪಿಕೊಳ್ಳುವ ತನಕ ಯಾರೂ ಆಟಕ್ಕೆ ಹೋಗುವಂತಿಲ್ಲ ಎಂದು ಸಿಸ್ಟರ್ ಹೇಳಿದರು. ನಮ್ಮ ತರಗತಿಯ ಒಬ್ಬ ಹುಡುಗಿ, ಏನೂ ಮಾಡದವಳು, ಎದ್ದು ನಿಂತು 'ನಾನೇ' ಅಂದಳು. ಅಂಗೈಗೆ ಸ್ಕೇಲಿನ ಏಟು ಬಿತ್ತು, ನಾವೆಲ್ಲ ಆಟಕ್ಕೆ ಹೋದೆವು. ಅವಳು ನಮ್ಮ ಪಾಲಿಗೆ ದೇವತೆಯಾದಳು. ಅದನ್ನು ನಾವು ದೊಡ್ಡ ಉತ್ಸಾಹದಿಂದ ಫಾದರ್‌ಗೆ ಹೇಳಿದೆವು.

ಅವರು ಕನ್ನಡಕ ತೆಗೆದರು. 'ಸರಿ. ಇವಳ ಕೈ ಊದಿತು. ಒಡೆದವಳಿಗೆ ಏನಾಯ್ತು?'

'ಏನೂ ಆಗಲಿಲ್ಲ ಫಾದರ್.'

'ಹೊಡೆದ ಸಿಸ್ಟರ್‌ಗೆ?'

ನಾವು ಕಿಸಕ್ಕನೆ ನಕ್ಕೆವು. 'ಅವರಿಗೇನಾಗತ್ತೆ ಫಾದರ್!'

'ಹಾಗಾದ್ರೆ ಆ ಏಟು ಏನು ಕೆಲಸ ಮಾಡ್ತು?'

ಗಂಟೆ ಹೊಡೆಯಿತು. ಫಾದರ್ ಕನ್ನಡಕ ಹಾಕಿಕೊಂಡು ಹೊರಟರು. ಆ ದೇವತೆ ಹುಡುಗಿ ಮಾತ್ರ ಮುಖ ಊದಿಸಿಕೊಂಡು, 'ಫಾದರ್‌ಗೆ ಹೊಟ್ಟೆಕಿಚ್ಚು ಕಣೇ' ಅಂದಳು.

ಆ ಪ್ರಶ್ನೆಯೇ ಅವರ ಬದುಕಾಗಿತ್ತು ಎಂದು ತಿಳಿದದ್ದು ತುಂಬ ವರ್ಷಗಳ ಮೇಲೆ, ನಾನು ಮದುವೆಯಾಗಿ ಮುಳಬಾಗಿಲಿನಲ್ಲಿ ಸಂಸಾರ ಹೂಡಿ, ಮಗಳನ್ನು ಕಾಲೇಜಿಗೆ ಕಳಿಸಿದ ಮೇಲೆ. ನಿವೃತ್ತರಾಗಿ ಅವರು ಮುಳಬಾಗಿಲಿನ ಚರ್ಚಿನ ಹಿಂದಿನ ಒಂದು ಕೋಣೆಗೆ ಬಂದಿದ್ದರು. ತರಕಾರಿ ಅಂಗಡಿಯಲ್ಲಿ ಬದನೆಕಾಯಿ ಆರಿಸುತ್ತಿದ್ದ ಕೈ ನಡುಗುತ್ತಿದ್ದುದನ್ನು ಮೊದಲು ನೋಡಿದೆ, ಆಮೇಲೆ ಮುಖ ನೋಡಿದೆ. ಗುರುತು ಹೇಳಿಕೊಂಡೆ. 'ಕೊನೇ ಬೆಂಚಿನ ಬೈರಕೂರು!' ಅಂದರು. ನನ್ನ ಹೆಸರು ಮರೆತಿದ್ದರು, ಊರು ಮರೆತಿರಲಿಲ್ಲ.

ಆ ನಡುಗುವ ಕೈಯಿಂದ ಅವರಿಗೆ ಬರೆಯಲು ಆಗುತ್ತಿರಲಿಲ್ಲ. ಒಂದು ಪುಸ್ತಕ ಬರೆಯಬೇಕಿತ್ತು, ಕನ್ನಡದಲ್ಲಿ. ಅದಕ್ಕೆ ಮುಂಚಿನ ಪುಸ್ತಕಗಳೆಲ್ಲ ಇಂಗ್ಲಿಷಿನವು, ದೇವಶಾಸ್ತ್ರ ಓದುವವರಿಗೆ ಮಾತ್ರ. 'ಅವನ್ನ ಓದಿದವರು ಬೈದರು. ಬೈಯದವರು ಓದಿರಲಿಲ್ಲ' ಎಂದು ನಗುತ್ತಿದ್ದರು. ಹೀಗೆ ಮಧ್ಯಾಹ್ನದ ಊಟದ ಪಾತ್ರೆ ತೊಳೆದು ಮುಗಿದ ಮೇಲೆ ಅವರು ನಮ್ಮ ಮನೆಗೆ ಬರುವುದು, ಊಟದ ಮೇಜಿನ ಮೇಲೆ ನಾನು ಉದ್ದ ಹಾಳೆ ಹರಡಿಕೊಂಡು ಅವರು ಹೇಳಿದ್ದನ್ನು ಬರೆಯುವುದು ಶುರುವಾಯಿತು. ನನ್ನ ಅಕ್ಷರ ಕಾನ್ವೆಂಟಿನ ಅಕ್ಷರ, ದುಂಡಗೆ. ನಮ್ಮ ಅತ್ತೆಯವರು ಮೊದಮೊದಲು ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದವರು, ಆಮೇಲೆ ಅಲ್ಲೇ ಕುಳಿತು ಅವರೆಕಾಯಿ ಸುಲಿಯುತ್ತಾ ಕೇಳತೊಡಗಿದರು. ಸಂಕಷ್ಟಿಯ ದಿನ ಕುರುಡುಮಲೆಗೆ ಹೋಗಿ ಬಂದರೆ ಪ್ರಸಾದದ ಕಡಲೆಕಾಳನ್ನು ಫಾದರ್‌ಗೆಂದು ಬೇರೆ ಎತ್ತಿಡುತ್ತಿದ್ದರು.

ಪುಸ್ತಕದ ವಿಷಯವನ್ನು ನನ್ನಂಥವಳು ಅರ್ಥಮಾಡಿಕೊಂಡ ಮಟ್ಟಿಗೆ ಹೇಳುತ್ತೇನೆ. ಮನುಷ್ಯರ ಪಾಪಕ್ಕೆ ಬದಲಾಗಿ ಯೇಸುವನ್ನು ಶಿಲುಬೆಗೆ ಏರಿಸಲು ದೇವರೇ ಇಚ್ಛಿಸಿದನೆಂದು ಅವರ ಸಭೆಯಲ್ಲಿ ಬಹಳ ಜನ ನಂಬುತ್ತಾರೆ. ಫಾದರ್ ಅದನ್ನು ಒಪ್ಪಲಿಲ್ಲ. ಯಾರಿಗೋ ಬೀಳಬೇಕಾದ ಏಟನ್ನು ಇನ್ನೊಬ್ಬರಿಗೆ ಹಾಕಿ ಸಮಾಧಾನಪಡುವವನು ದೇವರಲ್ಲ. ಕೊಂದವರು ಮನುಷ್ಯರು, ದೇವರಲ್ಲ. ಯೇಸು ದೊಡ್ಡವನಾದದ್ದು ಏಟು ತಿಂದದ್ದಕ್ಕಲ್ಲ, ತಿರುಗಿ ಹೊಡೆಯದೆ, ಸತ್ಯ ಬಿಡದೆ ನಿಂತದ್ದಕ್ಕೆ. ಅಹಿಂಸೆ ಅಲ್ಲಿಂದ ಹುಟ್ಟಬೇಕು ಎಂದು ಅವರ ವಾದ. ಇದನ್ನು ಬರೆದದ್ದಕ್ಕೆ ಮೇಲಿನವರು ಕರೆಸಿ ಕೇಳಿದರು. ಸೆಮಿನರಿಯಲ್ಲಿ ಪಾಠ ಹೇಳುವುದು ನಿಂತಿತು. ಮಾಲೂರು, ಶ್ರೀನಿವಾಸಪುರದ ಕಡೆಯ ಸಣ್ಣ ಸಣ್ಣ ಚರ್ಚುಗಳಿಗೆ ಕಳಿಸಿದರು.

'ಬೇಜಾರಾಗಲಿಲ್ಲವಾ ಫಾದರ್?' ಎಂದು ಕೇಳಿದ್ದೆ.

'ಆಯ್ತಮ್ಮ. ಆದ್ರೆ ಮಾಲೂರಲ್ಲಿ ಇಟ್ಟಿಗೆ ಗೂಡುಗಳ ಪಕ್ಕದಲ್ಲೇ ನಮ್ಮ ಚರ್ಚು. ಸೆಮಿನರೀಲಿ ನನ್ನ ಪಾಠಕ್ಕೆ ನಿದ್ದೆ ಮಾಡ್ತಿದ್ರು. ಅಲ್ಲಿ ಆ ಬಿಸಿಗೆ ಒಬ್ಬರೂ ನಿದ್ದೆ ಮಾಡಲಿಲ್ಲ.'

ಅವರು ಹುಟ್ಟಿದ್ದು ಗೌನಿಪಲ್ಲಿಯ ಹತ್ತಿರ, ತೆಲುಗು ಮಾತಾಡುವ ಮನೆಯಲ್ಲಿ. ತಾಯಿ ಮಾವಿನ ತೋಪು ಕಾಯುವವರು. ಹಣ್ಣು ಕದಿಯಲು ಬಂದ ಹುಡುಗರ ಮೇಲೆ ಇವರು ಕಲ್ಲು ಎತ್ತಿದರೆ ಆ ತಾಯಿ ದೂರದಿಂದಲೇ 'ಕೊಟ್ಟೊದ್ದುರಾ', ಹೊಡೀಬೇಡ್ವೋ, ಎಂದು ಕೂಗುತ್ತಿದ್ದರಂತೆ. 'ನಾನು ಬರೆದ ದೇವಶಾಸ್ತ್ರ ಎಲ್ಲಾ ಅಷ್ಟೇ. ಮಿಕ್ಕಿದ್ದೆಲ್ಲ ಅಡಿಟಿಪ್ಪಣಿ' ಅನ್ನುತ್ತಿದ್ದರು.

ಬೈರಕೂರಿಗೆ ಅವರನ್ನು ಕರೆದುಕೊಂಡು ಹೋಗುವ ಸಂದರ್ಭ ಬಂದದ್ದು ಆ ಪುಸ್ತಕದಿಂದಲೇ. ಚರ್ಚಿನಲ್ಲಿ ಒಬ್ಬ ಹೆಂಗಸು, ಪೂಜೆಯ ಹೊತ್ತಿನಲ್ಲಿ ಅವರು ಕುತ್ತಿಗೆಗೆ ಹಾಕಿಕೊಳ್ಳುವ ರೇಷ್ಮೆ ಪಟ್ಟಿಯನ್ನು ತೋರಿಸಿ, 'ಹಿಂಸೆ ಬೇಡ ಅಂತೀರಿ, ಇದರಲ್ಲಿ ಎಷ್ಟು ಹುಳ ಸತ್ತಿವೆಯೋ' ಎಂದಿದ್ದಳಂತೆ. ಅದು ಅವರ ತಲೆಯೊಳಗೆ ಕೊರೆಯುತ್ತಿತ್ತು. ನನ್ನ ತಮ್ಮ ಹಿಪ್ಪುನೇರಳೆ ಬೆಳೆದು ರೇಷ್ಮೆ ಹುಳು ಸಾಕುವವನು. ಸಂಕ್ರಾಂತಿ ಕಳೆದ ಮೇಲೆ ಒಂದು ದಿನ ಬಸ್ಸಿನಲ್ಲಿ ಹೋದೆವು.

ಹುಳು ಮನೆಯ ಕಟ್ಟುನಿಟ್ಟು ತಿಳಿಯದವರಿಗೆ ವಿಚಿತ್ರವಾಗಿ ಕಾಣುತ್ತದೆ. ಬಾಗಿಲಲ್ಲಿ ಸುಣ್ಣದ ಪುಡಿಯ ಗೆರೆ. ಚಪ್ಪಲಿ ಹೊರಗೆ. ಕೈಕಾಲು ತೊಳೆಯದೆ ಒಳಗೆ ಕಾಲಿಡುವಂತಿಲ್ಲ. ಸೆಂಟು, ಪೌಡರು, ಊದುಬತ್ತಿ ಒಂದೂ ಆಗದು. ಪಕ್ಕದ ಕೋಣೆಯಲ್ಲಿ ಸೊಳ್ಳೆ ಬತ್ತಿ ಹಚ್ಚಿದರೂ ಹುಳುಗಳು ಒದ್ದಾಡಿ ಸಾಯುತ್ತವೆ. ಅಷ್ಟು ಸೂಕ್ಷ್ಮ.

ತಮ್ಮ ಸೊಪ್ಪು ಕೊಯ್ಯಲು ತೋಟಕ್ಕೆ ಹೋಗಿದ್ದ. ಫಾದರ್ ಗೆರೆಯ ಹತ್ತಿರ ಬರುತ್ತಿದ್ದಂತೆ ತಮ್ಮನ ಹೆಂಡತಿ ಮೂಗು ಅರಳಿಸಿದಳು. 'ಏನೋ ವಾಸನೆ ಬರ್ತೈತಲ್ಲ ಫಾದರ್?'

ಅವರ ಕೋಣೆಯಲ್ಲಿ ಸೊಳ್ಳೆ ಜಾಸ್ತಿ. ಮೈಗೆ ಹಚ್ಚುವ ಸೊಳ್ಳೆ ಮುಲಾಮನ್ನು ಬೆಳಗ್ಗೆ ಮಣಿಕಟ್ಟಿಗೆ ಹಚ್ಚಿಕೊಂಡಿದ್ದರು. ಅವರಿಗೆ ನಾಚಿಕೆಯಾಗಿ ಎರಡು ಹೆಜ್ಜೆ ಹಿಂದೆ ಸರಿದರು. ನಾನೇ ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಕರೆದುಕೊಂಡು ಹೋಗಿ ಸೋಪು ಕೊಟ್ಟೆ. ಚೊಂಬಿನಿಂದ ನೀರು ಹಾಕಿದೆ. ಮೊಣಕೈಯವರೆಗೆ ತೊಳೆದರು, ಮತ್ತೆ ಸೋಪು ಹಾಕಿ ಮತ್ತೆ ತೊಳೆದರು. ತಮ್ಮನ ಹೆಂಡತಿ ಒಪ್ಪುವಳೋ ಇಲ್ಲವೋ ಎಂದು ನಾನು ಬಗ್ಗಿ ಮೂಸಿಯೂ ನೋಡಿದೆ. ಬಟ್ಟೆ ಸೋಪಿನ ವಾಸನೆ ಬಿಟ್ಟು ಬೇರೇನೂ ಇರಲಿಲ್ಲ. ಒಳಗೆ ಹೋದ ಮೇಲೂ, ಕೈ ನಡುಗುತ್ತದೆಂದು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ಇದ್ದರು. ಒಂದು ಎಲೆಯನ್ನೂ ಮುಟ್ಟಲಿಲ್ಲ.

ಹುಳುಗಳು ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ನಮ್ಮ ಕಡೆ ಹುಳು ಪೊರೆ ಬಿಡಲು ಮೇವು ಬಿಟ್ಟು ಮಲಗುವುದಕ್ಕೆ ಜ್ವರ ಅನ್ನುತ್ತಾರೆ. ಎದ್ದ ಮೇಲೆ ಅವುಗಳ ಹಸಿವು ಹೇಳತೀರದು. ಪರೀಕ್ಷೆಯ ಕೋಣೆಯಲ್ಲಿ ಎಲ್ಲರೂ ಒಟ್ಟಿಗೆ ಪ್ರಶ್ನೆಪತ್ರಿಕೆ ತಿರುವಿದ ಹಾಗೆ ಸದ್ದು.

'ಫಾದರ್, ಒಂದು ಕೇಳ್ಲಾ?' ಅಂದಳು ತಮ್ಮನ ಹೆಂಡತಿ. 'ಇವು ಸತ್ರೆ ನಾವು ಅಳ್ತೀವಿ. ಸಾಯದೆ ಗೂಡು ಕಟ್ಟಿದ್ರೆ ಕುದಿಸೋಕೆ ಕಳಿಸ್ತೀವಿ. ಇದಕ್ಕೇನಂತೀರಿ?'

ಫಾದರ್ ಬಗ್ಗಿ ತಟ್ಟೆಗಳನ್ನು ನೋಡಿದರು. 'ನನಗೆ ಗೊತ್ತಿಲ್ಲಮ್ಮ' ಅಂದರು. ಪುಸ್ತಕದಲ್ಲಿ ಅದಕ್ಕೆಂದು ಬಿಟ್ಟ ಪುಟ ಇವತ್ತಿಗೂ ಖಾಲಿಯೇ ಇದೆ.

ಅದಾಗಿ ಸ್ವಲ್ಪ ದಿನಕ್ಕೆ ತಮ್ಮನ ಫೋನು. ಮಾತು ಸರಿಯಾಗಿ ಬರುತ್ತಿರಲಿಲ್ಲ. 'ಅಕ್ಕಾ, ಎಲ್ಲಾ ಹೋಯ್ತು ಕಣಕ್ಕಾ. ತಲೆ ಎತ್ತಿ ಎತ್ತಿ ಬಡೀತಾವೆ. ಹಸ್ರು ಕಕ್ತಾವೆ.' ನಾಳೆ ನಾಡಿದ್ದರಲ್ಲಿ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆಗೆ ಏರಬೇಕಿದ್ದ ಹುಳುಗಳು. ಆ ಬಿದಿರಿನ ಚಂದ್ರಿಕೆಗಳನ್ನು ಅವನ ಹೆಂಡತಿ ಆಗಲೇ ಬಿಸಿಲಿಗೆ ಒಣಗಿಸಿ ಗೋಡೆಗೆ ಒರಗಿಸಿಟ್ಟಿದ್ದಳಂತೆ.

ತಮ್ಮನ ಹಿಪ್ಪುನೇರಳೆ ತೋಟಕ್ಕೆ ಅಂಟಿಕೊಂಡೇ ನಮ್ಮ ದೊಡ್ಡಪ್ಪನ ಮಗನ ಮಾವಿನ ತೋಪು. ಅವನು ನನಗೂ ತಮ್ಮನಿಗೂ ಅಣ್ಣ. ಮಾವು ಹೂ ಬಿಟ್ಟಾಗ ಜಿಗಿಹುಳುವಿಗೆ ಔಷಧಿ ಹೊಡೆಯಲೇಬೇಕು. ಆದರೆ ಆ ಔಷಧಿಯ ಒಂದು ಹನಿ ಗಾಳಿಯಲ್ಲಿ ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೂ, ಅದನ್ನು ತಿಂದ ಹುಳು ಉಳಿಯುವುದಿಲ್ಲ. ಅದಕ್ಕೇ ನಮ್ಮ ಊರಿನಲ್ಲಿ ಒಂದು ಪದ್ಧತಿ ಇದೆ. ಔಷಧಿ ಹೊಡೆಯುವವರು ಹಿಂದಿನ ದಿನವೇ ಬೇಲಿಯ ಹತ್ತಿರ ನಿಂತು ಕೂಗಿ ಹೇಳಬೇಕು. ಹುಳು ಸಾಕುವವರು ಬೇಕಾದಷ್ಟು ಸೊಪ್ಪನ್ನು ಮುಂಚೆಯೇ ಕೊಯ್ದು ಒದ್ದೆ ಗೋಣಿ ಹೊದಿಸಿ ಇಟ್ಟುಕೊಳ್ಳುತ್ತಾರೆ. ಬೇರೆ ಏನೇ ಜಗಳ ಇರಲಿ, ಈ ಒಂದು ಮಾತನ್ನು ಯಾರೂ ತಪ್ಪಿಸುತ್ತಿರಲಿಲ್ಲ. ಆದರೆ ತೋಪಿಗೆ ಹೋಗುವ ದಾರಿಯ ವಿಚಾರಕ್ಕೆ ಇವರಿಬ್ಬರೂ ಮಾತು ಬಿಟ್ಟಿದ್ದರು. ಈ ಸಲ ಬೇಲಿಯಿಂದ ಕೂಗು ಬರಲಿಲ್ಲ.

ತಮ್ಮ ಅವತ್ತೇ ಮಚ್ಚು ತೆಗೆದುಕೊಂಡು ಹೋಗಿ, ತುಂಬ ಹೂ ಬಿಟ್ಟಿದ್ದ ಎರಡು ಮಾವಿನ ಮರಗಳನ್ನು ಕಡಿದುಹಾಕಿದ. ಅಣ್ಣ, 'ಮರಕ್ಕೆ ಹಾಕಿದ ಕೈ ಕಡೀತೀನಿ' ಎಂದು ಊರೆಲ್ಲ ಹೇಳಿಕೊಂಡು ಬಂದ. ಮರುದಿನ ಸಂಜೆ ಡೈರಿಯ ಮುಂದೆ ನ್ಯಾಯಕ್ಕೆ ಕರೆದರು. ನಾನು ಹೊರಟಾಗ ಫಾದರ್ ಕೂಡ ಬರುತ್ತೇನೆಂದರು. ಬೇಡವೆಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಡೈರಿಯ ಸೆಕ್ರೆಟರಿ ವಯಸ್ಸಾದವರು, ಮಧ್ಯದಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತಿದ್ದರು. ಹಾಲಿನ ಕ್ಯಾನುಗಳು ಒಂದು ಪಕ್ಕ. ತಮ್ಮ ಮಚ್ಚು ಹಿಡಿದೇ ಬಂದಿದ್ದ. ಅದನ್ನು ಕೆಳಗಿಡು ಎಂದರೂ ಇಡಲಿಲ್ಲ.

'ನಾನು ಅವತ್ತು ಔಷಧೀನೇ ಹೊಡ್ದಿಲ್ಲ' ಎಂದ ಅಣ್ಣ. 'ಇವನ ಹುಳ ರೋಗಕ್ಕೆ ಸತ್ತಿದ್ರೆ ಅದಕ್ಕೂ ನಾನೇನ್ಲಾ ಸಿಕ್ಕೋದು?'

'ಏನ್ಲಾ ಅಂದೆ? ಬೊಂಕೊದ್ದು, ಸುಳ್ಳು ಹೇಳ್ಬೇಡ! ನಿನ್ನ ಮೈಯೆಲ್ಲ ನಾರ್ತಾ ಐತೆ ಇನ್ನೂ!'

ನಾನು ಅಣ್ಣನ ಕಾಲು ನೋಡಿದೆ. ಚಪ್ಪಲಿಯ ಪಟ್ಟಿಯ ಮೇಲೆ ಔಷಧಿ ಒಣಗಿ ಬಿಳಿ ಬಿಳಿ ಚುಕ್ಕೆಯಾಗಿತ್ತು. ತಲೆ ಎತ್ತಿದಾಗ ಫಾದರ್ ಕೂಡ ಅಲ್ಲಿಯೇ ನೋಡುತ್ತಿದ್ದರು.

ಸೆಕ್ರೆಟರಿ ಕೈ ಎತ್ತಿದರು. 'ಸಾಕು ಬಿಡ್ರೋ. ನಾಳೆ ಇಬ್ರೂ ಕುರುಡುಮಲೆಗೆ ನಡೀರಿ. ವಿನಾಯಕನ ಮುಂದೆ ಕರ್ಪೂರ ಹಚ್ಚಿ ಆಣೆ ಮಾಡಿ. ಹೊಡ್ದಿಲ್ಲ ಅಂದ್ರೆ ಹೊಡ್ದಿಲ್ಲ ಅಂತ ಹೇಳ್ಲಿ, ಮುಗೀತು.'

ಅಣ್ಣನ ಮುಖ ಬಿಳುಚಿಕೊಂಡಿತು. ಆಣೆ ಮಾಡಿದರೆ ಸುಳ್ಳು ಆಣೆ, ಮಾಡದಿದ್ದರೆ ಊರ ಮುಂದೆ ತಪ್ಪಿತಸ್ಥ. ಅವನ ಮುಖ ನೋಡಿ ತಮ್ಮನಿಗೆ ಎಲ್ಲ ಗೊತ್ತಾಗಿಹೋಯಿತು. 'ನೋಡ್ರೋ ಅವನ ಮಕ ನೋಡ್ರೋ' ಎಂದು ಕೂಗುತ್ತಾ ಮಚ್ಚು ಎತ್ತಿ ಮುಂದೆ ನುಗ್ಗಿದ. ಹಿಡಿಯಲು ಹೋದವರ ಕೈಗೆ ಸಿಗಲಿಲ್ಲ.

ಆಗ ಫಾದರ್ ಮಧ್ಯೆ ಬಂದು ಹೇಳಿದರು: 'ತಪ್ಪು ನಂದು. ನನ್ನ ಕೈಗೆ ಸೊಳ್ಳೆ ಮುಲಾಮು ಇತ್ತು. ಆ ಕೈಯಲ್ಲೇ ನಿಮ್ಮ ಹುಳು ಮುಟ್ಟಿದೆ.'

ಎಲ್ಲ ನಿಂತುಹೋಯಿತು. ತಮ್ಮನ ಮಚ್ಚು ಮೆಲ್ಲಗೆ ಕೆಳಗಿಳಿಯಿತು. ಆದರೆ ಸಿಟ್ಟು ಎಲ್ಲಿಗಾದರೂ ಹೋಗಬೇಕಲ್ಲ. ಇನ್ನೊಂದು ಕೈಯಿಂದ ಫಾದರ್ ಕೆನ್ನೆಗೆ ಹೊಡೆದ. ಕನ್ನಡಕ ಹಾರಿ ಕ್ಯಾನುಗಳ ಮಧ್ಯೆ ಬಿತ್ತು. ಅವರು ಕೆನ್ನೆ ಮುಟ್ಟಿಕೊಳ್ಳಲಿಲ್ಲ, ಹಿಂದೆ ಸರಿಯಲೂ ಇಲ್ಲ. ಬೆನ್ನ ಹಿಂದೆ ಕಟ್ಟಿದ್ದ ಕೈ ಹಾಗೇ ಇತ್ತು.

ಆಮೇಲಿನದೆಲ್ಲ ಬಹಳ ಬೇಗ ಆಯಿತು. ದೊಡ್ಡ ಮನುಷ್ಯರ ಮೇಲೆ ಕೈ ಮಾಡಿದೆನಲ್ಲ ಎಂದು ತಮ್ಮ ಕಾಲಿಗೆ ಬಿದ್ದು ಅತ್ತ. ಸೆಕ್ರೆಟರಿ, 'ಗೊತ್ತಿಲ್ದೆ ಆಗಿರೋದು, ಪಾಪ ಸ್ವಾಮಿಗಳು' ಅಂದರು. ಆಣೆಯ ಮಾತು ಬಿದ್ದುಹೋಯಿತು. ಅಣ್ಣ ಎಲ್ಲರಿಗಿಂತ ಮುಂಚೆ ಮನೆಗೆ ಹೊರಟ. ಯಾರೋ ಕನ್ನಡಕ ಹುಡುಕಿ ಒರೆಸಿ ಕೊಟ್ಟರು. ತಮ್ಮನ ಹೆಂಡತಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ಫಾದರ್ ಒಳಗೆ ಬಂದಾಗ ಕೈ ಹಿಂದೆ ಕಟ್ಟಿಕೊಂಡಿದ್ದನ್ನು ಅವಳೂ ಕಂಡವಳು. ಇಬ್ಬರೂ ಬಾಯಿ ಬಿಡಲಿಲ್ಲ. ಅಷ್ಟು ಸಲೀಸಾಗಿ ಬಂದ ಶಾಂತಿಯನ್ನು ಕೆಡಿಸುವುದು ಯಾರಿಗೆ ಬೇಕಿತ್ತು?

ವಾಪಸ್ಸು ಬಸ್ಸಿನಲ್ಲಿ ಫಾದರ್ ಕಿಟಕಿಯ ಕಡೆ ಕುಳಿತಿದ್ದರು. ಸುಮಾರು ದೂರ ಬಂದ ಮೇಲೆ ನಾನೇ ಅಂದೆ: 'ಫಾದರ್, ನಿಮ್ಮ ಕೈಗೆ ನೀರು ಹಾಕಿದ್ದು ನಾನೇ.'

'ಗೊತ್ತಮ್ಮ' ಅಂದರು.

ಮರುದಿನ ಅವರು ಬರೆಸಲು ಬರಲಿಲ್ಲ. ಅದರ ಮರುದಿನವೂ ಇಲ್ಲ. ಬರೆಯುತ್ತಿದ್ದ ಹಾಳೆಯಲ್ಲಿ ನನ್ನ ದುಂಡಗಿನ ಅಕ್ಷರದಲ್ಲಿ ಒಂದು ಸಾಲು ಅರ್ಧಕ್ಕೆ ನಿಂತಿತ್ತು: 'ಮೂರನೆಯವನಿಗೆ ಏಟು ಬಿದ್ದು ಇಬ್ಬರ ಜಗಳ ಮುಗಿದರೆ, ಅದು'. ಮೇಜು ಒರೆಸುವಾಗಲೆಲ್ಲ ಅದು ಕಣ್ಣಿಗೆ ಬೀಳುತ್ತಿತ್ತು. ಅತ್ತೆಯವರು, 'ಫಾದರ್‌ಗೆ ಮೈ ಸರಿಯಿಲ್ವಾ? ಒಂದು ಡಬ್ಬಿ ಸಾರನ್ನ ಕೊಟ್ಟು ಬಾ' ಅಂದರು.

ಡಬ್ಬಿ ತೆಗೆದುಕೊಂಡು ಹೋದೆ. ಮಂಚದ ಮೇಲೆ ಕುಳಿತಿದ್ದರು. ಕನ್ನಡಕದ ಒಂದು ಗಾಜು ಬಿರುಕು ಬಿಟ್ಟಿತ್ತು.

'ಬೈರಕೂರಿಗೆ ಹೋಗಿ ನಿಜ ಹೇಳ್ಬೇಕಮ್ಮ.'

'ಯಾಕೆ ಫಾದರ್? ಈಗ ಶಾಂತವಾಗಿದೆಯಲ್ಲ. ಮತ್ತೆ ನನ್ನ ತಮ್ಮ ಮಚ್ಚು ಹಿಡಿದ್ರೆ? ಅವನು ಜೈಲಿಗೆ ಹೋದ್ರೆ? ನೀವು ಪುಸ್ತಕಕ್ಕೋಸ್ಕರ ಹೇಳ್ತಿದ್ದೀರಾ?'

ಅಷ್ಟು ಗಟ್ಟಿಯಾಗಿ ಅವರ ಜೊತೆ ನಾನು ಎಂದೂ ಮಾತಾಡಿರಲಿಲ್ಲ. ಅವರಿಗೆ ಕೋಪ ಬರಲಿಲ್ಲ.

'ಮಚ್ಚು ಎತ್ತಿದಾಗ ಹೇಳಿದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಬೇರೆ ಏನೂ ತೋಚಲಿಲ್ಲ. ಆದ್ರೆ ಆಮೇಲೆ ಎಲ್ಲರೂ ಮನೆಗೆ ಹೋದ್ರಲ್ಲ, ನಾನೂ ಬಸ್ಸು ಹತ್ತಿದೆನಲ್ಲ, ಅದು ತಪ್ಪು. ಜೀವಮಾನ ಎಲ್ಲ ಯಾವುದನ್ನ ಬೇಡ ಅಂತ ಬರೆದ್ನೋ ಅದನ್ನೇ ಒಂದು ನಿಮಿಷದಲ್ಲಿ ಮಾಡಿದೆ. ಬಸ್ಸಲ್ಲಿ ಕೆನ್ನೆ ಉರೀತಾ ಇದ್ರೆ ಎಷ್ಟು ಹಿತವಾಗಿತ್ತು ಗೊತ್ತಾ? ಅದಕ್ಕೇ ಹೆದರಿಕೆ ಆಯ್ತು.'

'ಆದ್ರೂ ಯಾರಿಗೂ ಏನೂ ಆಗಲಿಲ್ಲವಲ್ಲ ಫಾದರ್.'

'ಅದೇ ಅಲ್ವಾ ನಾನು ಹೇಳ್ತಿರೋದು' ಅಂದರು. ಕಾನ್ವೆಂಟಿನ ಹೂದಾನಿ ನೆನಪಾಯಿತು. ಡಬ್ಬಿಯ ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಊಟ ಮಾಡಿದ ಮೇಲೆ ಹೊರಡೋಣ ಎಂದೆ.

ತಮ್ಮನ ಮನೆಗೆ ಮೊದಲು ಹೋಗಲಿಲ್ಲ. ತೋಪಿಗೆ ಹೋದೆವು. ಅಣ್ಣ ಕಡಿದ ಮರಗಳ ಕೊಂಬೆಗಳನ್ನು ಸವರುತ್ತಿದ್ದ. ಹೂ ಅಲ್ಲಿಯೇ ಬಾಡಿ ಕಂದಾಗಿತ್ತು. ಫಾದರ್‌ರನ್ನು ಕಂಡು ಟವೆಲ್ಲನ್ನು ಹೆಗಲಿನಿಂದ ತೆಗೆದು, 'ಬನ್ನಿ ಸ್ವಾಮಿ' ಅಂದ. ಎಳನೀರು ಇಳಿಸುತ್ತೇನೆ ಎಂದು ಹೊರಟವನನ್ನು ಫಾದರ್ ತಡೆದರು.

'ನಾನು ಅವತ್ತು ಸುಳ್ಳು ಹೇಳಿದೆ. ನನ್ನ ಕೈ ತೊಳೆದಿತ್ತು. ಹುಳು ಮುಟ್ಟೇ ಇಲ್ಲ. ಈಗ ಹೋಗಿ ಅವನಿಗೆ ಹೇಳ್ತೀನಿ. ನಿಮಗೆ ಗೊತ್ತಿಲ್ದೆ ಹೇಳೋದು ಸರಿಯಲ್ಲ ಅಂತ ಮೊದಲು ಇಲ್ಲಿಗೆ ಬಂದೆ.'

ಅಣ್ಣ ನನ್ನ ಕಡೆ ತಿರುಗಿದ. 'ಏನಮ್ಮಾ ಇದು? ಎಲ್ಲಾ ಮುಗ್ದಿತ್ತಲ್ಲ! ನಿಮ್ಮ ಸ್ವಾಮಿಗಳಿಗೆ ಇನ್ನೊಂದು ಏಟು ಬೇಕಂತಾ?'

'ಬೇಡಪ್ಪ' ಎಂದರು ಫಾದರ್. 'ಒಂದೇ ಸಾಕು. ಇನ್ನೂ ದವಡೆ ನೋಯ್ತದೆ.'

ಅಣ್ಣನಿಗೆ ನಗು ಬಂದು ತಡೆದುಕೊಂಡ. ಆಮೇಲೆ ಕಡಿದ ಮರದ ಬುಡದ ಮೇಲೆ ಕುಳಿತ. ತೊಗಟೆ ಕೀಳತೊಡಗಿದ. 'ಈ ಎರಡು ಮರ ಅಪ್ಪ ನೆಟ್ಟಿದ್ದು' ಅಂದ. 'ಇದನ್ನ ಕಡಿದಿದ್ದಕ್ಕೆ ಡೈರಿ ಹತ್ರ ಒಬ್ಬನಾದ್ರೂ ಅವನನ್ನ ಕೇಳಿದ್ನಾ? ನೀವು ನಿಮ್ಮ ಮೇಲೆ ಹಾಕ್ಕೊಂಡ್ರಿ, ನನ್ನ ಮರದ ಮಾತೇ ಬರ್ಲಿಲ್ಲ.'

ಫಾದರ್ ಆ ಬುಡವನ್ನೇ ನೋಡುತ್ತಾ ನಿಂತರು. ಇದು ಅವರಿಗೆ ಹೊಳೆದಿರಲಿಲ್ಲ. ನನಗಂತೂ ಇಲ್ಲವೇ ಇಲ್ಲ. 'ನೀವೂ ಬನ್ನಿ' ಅಂದರು ಕೊನೆಗೆ. 'ಅದನ್ನ ನೀವೇ ಕೇಳಿ. ನಾನು ಪಕ್ಕದಲ್ಲಿರ್ತೀನಿ. ಮಧ್ಯ ಬರಲ್ಲ.'

ಅಣ್ಣ ಬುಡದ ಮೇಲೆಯೇ ಕುಳಿತಿದ್ದ. ಆದರೆ ನಾವು ಬೇಲಿ ದಾಟಿ ಹಿಪ್ಪುನೇರಳೆ ಸಾಲುಗಳ ಮಧ್ಯೆ ನಡೆಯುತ್ತಿದ್ದಾಗ ಹಿಂದಿನಿಂದ ಚಪ್ಪಲಿ ಸದ್ದು ಕೇಳಿಸಿತು.

ತಮ್ಮ ಖಾಲಿ ಹುಳು ಮನೆಗೆ ಸುಣ್ಣ ಬಳಿಯುತ್ತಿದ್ದ. ಮಚ್ಚು ಕಿಟಕಿಯ ಸರಳಿಗೆ ನೇತಾಡುತ್ತಿತ್ತು. ಫಾದರ್ ಬಾಗಿಲಲ್ಲಿ ನಿಂತು, ಅಣ್ಣನಿಗೆ ಹೇಳಿದ ಮಾತನ್ನೇ ಹೇಳಿದರು, ಒಂದಕ್ಷರ ಹೆಚ್ಚಿಲ್ಲ ಕಡಿಮೆಯಿಲ್ಲ. ತಮ್ಮ ಬ್ರಷ್ ಬಕೆಟ್ಟಿನೊಳಗೆ ಬಿಟ್ಟ.

'ಹಾಗಾದ್ರೆ ನಾನು ಸುಮ್‌ಸುಮ್ನೆ ನಿಮಗೆ ಹೊಡ್ದೆನಾ?'

'ಹೌದಪ್ಪ.'

ತಮ್ಮ ಬಾಗಿಲ ಕಡೆ ಬಂದ. ಅಷ್ಟರಲ್ಲಿ ಫಾದರ್ ಹಿಂದೆ, ಬಾಗಿಲಿನ ಗೆರೆಯ ಆಚೆ ನಿಂತಿದ್ದ ಅಣ್ಣ ಕಂಡ. ಅಣ್ಣ ಕೆಳಗೆ ನೋಡಿಕೊಂಡೇ ಅಂದ: 'ಅವತ್ತು ಔಷಧಿ ಹೊಡ್ದಿದ್ದು ನಿಜ ಕಣೋ. ಹೇಳಿ ಕಳ್ಸಿಲ್ಲ.'

ತಮ್ಮ ಕಿಟಕಿಯ ಕಡೆ ನೋಡಿದ. ನಾನು ನೋಡಿದೆ, ಅವನ ಹೆಂಡತಿ ನೋಡಿದಳು. ಅವಳು ಮೆಲ್ಲಗೆ ಹೋಗಿ ಕಿಟಕಿಗೆ ಒರಗಿಕೊಂಡು ನಿಂತಳು, ಬೆನ್ನಿನ ಹಿಂದೆ ಮಚ್ಚು. ತಮ್ಮನ ಕಣ್ಣು ಅವಳ ಮೇಲಿಂದ ಫಾದರ್ ಕನ್ನಡಕದ ಬಿರುಕಿನ ಮೇಲೆ ಹೋಯಿತು. ಅಲ್ಲಿಯೇ ಸ್ವಲ್ಪ ಹೊತ್ತು ನಿಂತಿತು.

'ಯಾಕೋ ಹೇಳಿ ಕಳ್ಸಿಲ್ಲ?' ಎಂದು ಕೂಗಿದ. 'ಯಾಕೋ? ಬೇಲಿ ಹತ್ರ ನಿಂತು ಒಂದ್ಸಲ ಕೂಗಿದ್ರೆ ನಿನ್ನ ಗಂಟೇನೋ ಹೋಗ್ತಿತ್ತು?'

'ನೀನು ದಾರಿಗೆ ಮುಳ್ಳು ಹಾಕಿದ್ಯಲ್ಲೋ, ಅವಾಗ ಯಾರ್ ಗಂಟು ಹೋಗಿತ್ತು? ಅಪ್ಪ ನೆಟ್ಟ ಮರ ಕಣೋ ಅದು! ಚಿಕ್ಕೋನಿದ್ದಾಗ ನೀನೇ ಅದಕ್ಕೆ ಉಯ್ಯಾಲೆ ಕಟ್ಕೊಂಡು ಬಿದ್ದು ಹಲ್ಲು ಮುರ್ಕೊಂಡಿದ್ಯಲ್ಲೋ ಲೇ!'

'ನೀನೇ ತಳ್ಳಿದ್ದು!'

ಶುರುವಾದದ್ದು ನಿಲ್ಲಲೇ ಇಲ್ಲ. ದಾರಿ, ಬಾವಿ, ಯಾರದೋ ಮದುವೆಯ ಊಟದಲ್ಲಿ ಕರೆಯದೆ ಬಿಟ್ಟದ್ದು, ತೆಲುಗು ಕನ್ನಡ ಎರಡೂ ಸೇರಿಸಿ ಬೈದಾಟ. ಅಕ್ಕಪಕ್ಕದವರು ಗೋಡೆಯ ಮೇಲಿಂದ ಇಣುಕಿದರು. ನಾನು ಎರಡು ಸಲ ಬಿಡಿಸಲು ಎದ್ದೆ. ಫಾದರ್ ಜಗಲಿಯ ಮೇಲೆ ಕುಳಿತು, 'ಕೂತ್ಕೊಳಮ್ಮ' ಅಂದರು. ತಮ್ಮನ ಹೆಂಡತಿ ಮಚ್ಚನ್ನು ಸೆರಗಿನಲ್ಲಿ ಸುತ್ತಿ ಅಡುಗೆಮನೆಗೆ ತೆಗೆದುಕೊಂಡು ಹೋಗಿ, ವಾಪಸ್ಸು ಬರುವಾಗ ಕಾಫಿ ತಂದಳು. 'ಬಾಯಲ್ಲಿ ಎಷ್ಟಾದ್ರೂ ಬಡಿದಾಡ್ಕೊಳ್ಳಲಿ ಬಿಡಿ ಫಾದರ್. ಸಕ್ರೆ ಸಾಕಾ?'

ಇಬ್ಬರೂ ತಬ್ಬಿಕೊಂಡರು ಎಂದು ನಾನು ಬರೆಯಲಾರೆ. ಅವತ್ತು ಅಣ್ಣ ಕಾಫಿ ಕುಡಿಯದೆ ಹೋದ. ತಮ್ಮ ರಾತ್ರಿ ಊಟ ಮಾಡಲಿಲ್ಲವಂತೆ. ಹೋದ ಹುಳು ಹೋದವು, ಬಿದ್ದ ಮರ ಬಿದ್ದವು. ಯಾರೂ ಕುರುಡುಮಲೆಗೆ ಹೋಗಲಿಲ್ಲ. ನಾವು ಹೊರಟಾಗ ತಮ್ಮ ಬಸ್ ನಿಲ್ದಾಣದವರೆಗೆ ಬಂದು, ಹೊಸ ಗಾಜು ಹಾಕಿಸುತ್ತೇನೆ ಎಂದು ಫಾದರ್ ಕನ್ನಡಕ ಕೇಳಿದ. 'ಇದಿಲ್ದೆ ನನಗೆ ಬಸ್ಸಿನ ಮೆಟ್ಟಿಲು ಕಾಣಲ್ಲಪ್ಪ, ಮುಳಬಾಗಿಲಿಗೆ ಬಂದಾಗ ಹಾಕಿಸು' ಅಂದರು. ಅವನು ಬಂದು ಹಾಕಿಸಿಕೊಟ್ಟ.

ಫಾದರ್ ಮತ್ತೆ ಬರೆಸಲು ಬರತೊಡಗಿದರು. ಆ ಅರ್ಧ ಸಾಲನ್ನು ಮುಗಿಸುತ್ತಾರೆಂದು ಪೆನ್ನು ಹಿಡಿದು ಕಾದೆ. ಅದನ್ನು ಹೊಡೆದುಹಾಕಲು ಹೇಳಿ, ಅದರ ಜಾಗದಲ್ಲಿ ಡೈರಿಯ ಮುಂದೆ ತಾವು ಹೇಳಿದ ಸುಳ್ಳನ್ನು ಇದ್ದದ್ದು ಇದ್ದ ಹಾಗೆ ಬರೆಸಿದರು. ಎರಡು ಮಾವಿನ ಮರದ ಮಾತು ತಮಗೆ ಹೊಳೆಯಲಿಲ್ಲ ಎಂಬುದನ್ನೂ ಸೇರಿಸಿದರು. 'ಇದನ್ನ ಓದಿ ಮೇಲಿನವರು ಮತ್ತೆ ಕರೀತಾರೇನೋ' ಎಂದು ನಾನು ಹೇಳಿದರೆ, 'ಈಗ ಕರೆದ್ರೆ ಬಸ್ ಚಾರ್ಜ್ ಕೊಡ್ಲಿ' ಅಂದರು. ಅತ್ತೆಯವರು ಅವರೆಕಾಳು ಹಿಸುಕುತ್ತಾ ನಕ್ಕರು.

ಇದು ನಡೆದ ಮುಂದಿನ ವರ್ಷ, ಮತ್ತೆ ಮಾವು ಹೂ ಬಿಟ್ಟ ಕಾಲ. ಮಧ್ಯಾಹ್ನ ಬರೆಯಲು ಕೂತಿದ್ದಾಗ ತಮ್ಮನ ಹೆಂಡತಿಯ ಫೋನು ಬಂತು. ಹುಳು ಮೂರನೇ ಜ್ವರದಲ್ಲಿವೆ, ಮಗಳು ರಜೆಗೆ ಬಂದಳಾ, ಹುಣಸೆಹಣ್ಣು ಎತ್ತಿಟ್ಟಿದ್ದೇನೆ ಎಂದೆಲ್ಲ ಹೇಳುತ್ತಿದ್ದಳು. ಅದರ ಹಿಂದೆ ದೂರದಿಂದ ಒಂದು ಗಂಡು ಧ್ವನಿ ಕೇಳಿಸಿತು, ಬೇಲಿಯ ಕಡೆಯಿಂದ:

'ಲೋ! ನಾಳೆ ಬೆಳಗ್ಗೆ ಔಷಧಿ ಹೊಡೀತೀನಿ ಕಣೋ! ಸೊಪ್ಪು ಕೊಯ್ಕೊಳ್ರೋ!'

'ಹೂಂ, ಕೇಳಿಸ್ತು!' ಎಂದು ತಮ್ಮ ಕೂಗಿದ್ದು ಇನ್ನೂ ಗಟ್ಟಿಯಾಗಿ ಕೇಳಿಸಿತು. ಸ್ನೇಹವೇನೂ ಇರಲಿಲ್ಲ ಆ ದನಿಯಲ್ಲಿ. 'ಅಕ್ಕಾ ಇಡ್ತೀನಿ, ಕತ್ತಲಾಗೋಕ್ಕೆ ಮುಂಚೆ ಕುಡುಗೋಲು ಹಿಡೀಬೇಕು' ಎಂದು ಅವಳು ಫೋನು ಇಟ್ಟಳು.

ಫಾದರ್‌ಗೆ ಹೇಳಿದೆ. ಅವರು ಕನ್ನಡಕ ತೆಗೆದು ಜುಬ್ಬದ ತುದಿಯಲ್ಲಿ ಒರೆಸಿದರು. ಈಗ ಏನಾದರೂ ಹೇಳಿ ಬರೆಸುತ್ತಾರೆಂದು ಹಾಳೆಯನ್ನು ಹತ್ತಿರ ಎಳೆದುಕೊಂಡೆ.

'ಗಾಳಿ ಯಾವ ಕಡೆ ಬೀಸ್ತಿದೆಯಂತೆ?' ಎಂದು ಕೇಳಿದರು.